ಭಟ್ಟಿಯ ಮಸಿಗೋಡೆಯ ಮುಂದೆ

ದಾವಣಗೆರೆಯಲ್ಲಿ ಕಪ್ಪು ಹಿನ್ನೆಲೆ ಬೇಕೆಂದರೆ ಬಟ್ಟೆ ಅಂಗಡಿ ಸುತ್ತಬೇಕಿಲ್ಲ, ಮಂಡಕ್ಕಿ ಭಟ್ಟಿಗೆ ಹೋದರೆ ಸಾಕು. ವರ್ಷಗಟ್ಟಲೆ ಹೊಗೆ ಕುಡಿದ ಗೋಡೆ ಅದು. ಬಿದ್ದ ಬೆಳಕನ್ನು ವಾಪಸ್ ಕೊಡುವುದೇ ಇಲ್ಲ. ಸ್ಟುಡಿಯೋದವರು ದುಡ್ಡು ಕೊಟ್ಟು ಕಪ್ಪು ವೆಲ್ವೆಟ್ ತರುವುದು ಇದೇ ಗುಣಕ್ಕಾಗಿ.

ಆಷಾಢದಲ್ಲಿ ನಮ್ಮಂಥ ಮದುವೆ ಫೋಟೋಗ್ರಾಫರ್‌ಗಳಿಗೆ ಕೆಲಸವಿರುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಅಕ್ಕನ ಮಗನನ್ನು ಕರೆದುಕೊಂಡು, ಒಂದೇ ಒಂದು ಫ್ಲ್ಯಾಶ್, ಅದರ ಬೆಳಕನ್ನು ಮೆದುಗೊಳಿಸುವ ಸಣ್ಣ ಬಟ್ಟೆ ಡಬ್ಬಿ ಸಾಫ್ಟ್‌ಬಾಕ್ಸ್ ಹಿಡಿದು ಪರಿಚಯದ ಭಟ್ಟಿಗೆ ಹೋದೆ. ಉಪ್ಪುನೀರು ಹಚ್ಚಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು ಅರಳಿಸುವ ಚಾಚಾ ಫೋಟೋಕ್ಕೆ ಒಪ್ಪಿದ್ದರು.

ಗೋಡೆ ಎಷ್ಟೇ ಕಪ್ಪಿದ್ದರೂ ಲೈಟು ಹತ್ತಿರವಿದ್ದರೆ ಅದರ ಬಿರುಕೆಲ್ಲ ಕಾಣುತ್ತದೆ. ಕತ್ತಲು ಹುಟ್ಟುವುದು ದೂರದಿಂದ. ಲೈಟಿನಿಂದ ಮುಖಕ್ಕೆ 3 ಅಡಿ, ಗೋಡೆಗೆ 9 ಅಡಿ ಇಟ್ಟುಕೊಂಡೆವು. ದೂರ ಮೂರು ಪಟ್ಟಾದರೆ ತಲುಪುವ ಬೆಳಕು ಒಂಬತ್ತರಲ್ಲಿ ಒಂದು ಪಾಲು. ಹೊಗೆ ಹೋಗಬೇಕಲ್ಲ, ಬಾಗಿಲು ಹಾಕುವಂತಿರಲಿಲ್ಲ. ಕ್ಯಾಮೆರಾ ಕಡಿಮೆ ಬೆಳಕು ಹಿಡಿಯುವಂತೆ ಐಎಸ್ಒ 100, ಶಟರ್ 1/160, ಎಫ್/8 ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಹೊಡೆದು ನೋಡಿದೆ. ಪೂರ್ತಿ ಕಪ್ಪು. ಅಂದರೆ ಬಾಗಿಲ ಬೆಳಕಿನ ಕಾಟ ಮುಗಿಯಿತು. ಇಂಥಲ್ಲಿ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಟ್ಟರೆ ಅದು ಅಷ್ಟೊಂದು ಕಪ್ಪು ಕಂಡು ಗಾಬರಿಯಾಗಿ ಮುಖವನ್ನು ಸುಣ್ಣ ಮಾಡಿಬಿಡುತ್ತದೆ.

ಲೈಟನ್ನು ಚಾಚಾನ ಎಡಕ್ಕೆ ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ತುಸು ಮೇಲೆ ಹಿಡಿಸಿದೆ. ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟಿ, ಬಲಗಣ್ಣಿನ ಕೆಳಗೆ ಬೆಳಕಿನ ತ್ರಿಕೋನವೊಂದೇ ಉಳಿಯಬೇಕು. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಲ್ಲಿ ಕರೆಯುವುದು ಇದನ್ನೇ. ಆದರೆ ನೆರಳಿನ ಕೆನ್ನೆ ನಾನಂದುಕೊಂಡಷ್ಟು ಕಪ್ಪಾಗಲಿಲ್ಲ. ಎರಡನೇ ಲೈಟಿಲ್ಲ, ಮತ್ತೆಲ್ಲಿಂದ ಬೆಳಕು? ಬಲಕ್ಕೆ ನೋಡಿದರೆ ಸೊಂಟದೆತ್ತರ ಬೆಳ್ಳಗಿನ ಮಂಡಕ್ಕಿ ರಾಶಿ! ನೆರಳಿಗೆ ಬೆಳಕು ಎರಚಲು ನಾವು ಹಿಡಿಯುವ ಥರ್ಮಾಕೋಲ್ ಶೀಟಿನ ಕೆಲಸವನ್ನು ಅದು ಪುಕ್ಕಟೆ ಮಾಡುತ್ತಿತ್ತು. ಕರಿ ಕಂಬಳಿ ಮುಚ್ಚಿಸಿದೆ. ಅರ್ಧ ಮುಖ ಗೋಡೆಯಲ್ಲೇ ಕರಗಿಹೋಯಿತು, ಬಲಗಣ್ಣೂ ಸತ್ತಿತು. ಅದು ನನಗೆ ಬೇಡವಾಗಿತ್ತು. ನಾಟಕೀಯತೆಯ ಹೆಸರಲ್ಲಿ ಕಣ್ಣನ್ನೇ ನುಂಗಿಸುವವರ ಫೋಟೋ ನನಗೆ ಹಿಡಿಸುವುದಿಲ್ಲ. ಕಂಬಳಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದೆವು. ಕಾಲುಭಾಗ ರಾಶಿ ತೆರೆದಾಗ ಬಲಗಣ್ಣಿಗೆ ಜೀವ ಬಂತು, ಕೆನ್ನೆ ಕತ್ತಲಲ್ಲೇ ಉಳಿಯಿತು.

ಚಾಚಾ ಟವೆಲ್ ತೆಗೆದು ಬೆವರು ಒರೆಸಹೊರಟರು. ಬೇಡವೆಂದೆ. ಕಪ್ಪು ಮೈಬಣ್ಣದ ಮುಖದಲ್ಲಿ ಹಣೆ, ಮೂಗು, ದವಡೆಯ ಆಕಾರ ಹೇಳುವುದೇ ಆ ಹೊಳಪು. ಪೌಡರ್ ಹಚ್ಚಿ ಮುಖವನ್ನು ಚಪ್ಪಟೆ ಮಾಡುವ ನಮ್ಮ ಮದುವೆಮನೆ ಚಟ ಇಲ್ಲಿ ನಡೆಯದು.

ಸ್ಕ್ರೀನ್ ತೋರಿಸಿದೆ. ಚಾಚಾ ಬಹಳ ಹೊತ್ತು ನೋಡಿ, "ಉಳಿದರ್ಧ ಮುಖ ಎಲ್ಲಿ ಹೋತು?" ಅಂದರು. ಆಮೇಲೆ ಮುಖ ತೊಳೆದು, ಗಡ್ಡ ಬಾಚಿ, ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಬೆಳಕಿಗೆ ನೇರ ನಿಂತರು. ಅವರ ಮಗಳ ಡಿಪಿಯಲ್ಲಿರುವುದು ಆ ಎರಡನೇ ಫೋಟೋ. ಮೊದಲನೆಯದನ್ನು ನಾನು ಪ್ರಿಂಟಿಗೆ ಕೊಟ್ಟಿದ್ದೇನೆ, ಹೊಳಪಿಲ್ಲದ ಮ್ಯಾಟ್ ಪೇಪರ್ ಬೇಡವೆಂದು ಒತ್ತಿ ಹೇಳಿ. ಅದರಲ್ಲಿ ಮಸಿ ಬೂದು ಬಣ್ಣವಾಗಿ ಕಾಣುತ್ತದೆ.