ಅಷ್ಟು ಚೆಂದದ ಪ್ರೀತಿ ಕಥೆಗೆ ಆ ಟ್ಯಾಕ್ಸಿಯವನು ಯಾಕೆ ಬೇಕಿತ್ತು?

ಕೊರಿಯನ್ ಡ್ರಾಮಾ ‘ಲವ್ಲಿ ರನ್ನರ್’ ನೋಡಿ ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವೇ ಇಲ್ಲ. ನೋಡಿದವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಹಿಡಿದುಕೊಂಡು ವಾಪಸ್ ಬರುತ್ತಾರೆ. ಎಲ್ಲಾ ಚೆನ್ನಾಗಿದೆ, ಹುಡುಗ ಚೆನ್ನಾಗಿದ್ದಾನೆ, ಹುಡುಗಿ ಅಂತೂ ಅದ್ಭುತ, ಹಾಡು ತಲೆಯಿಂದ ಹೋಗುತ್ತಲೇ ಇಲ್ಲ, ಆದರೆ ಮಧ್ಯೆ ಆ ಕೊಲೆಗಾರ ಟ್ಯಾಕ್ಸಿಯವನು ಯಾಕೆ ಬೇಕಿತ್ತು? ಸುಮ್ನೆ ಪ್ರೀತಿ ಕಥೆ ಆಗಿದ್ದರೆ ಸಾಕಿತ್ತು ಅಲ್ವಾ?

ಸಾಕಾಗುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಕಥೆಯ ಗುಟ್ಟೆಲ್ಲ ಹೊರಗೆ ಬರುತ್ತದೆ, ಇನ್ನೂ ನೋಡದವರು ನೋಡಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಕಥೆ. ಇದು ಟಿವಿಎನ್ ಚಾನೆಲ್‌ನಲ್ಲಿ 2024ರ ಏಪ್ರಿಲ್ 8ರಿಂದ ಮೇ 28ರವರೆಗೆ ಬಂದ 16 ಕಂತಿನ ಡ್ರಾಮಾ. ಇಮ್ ಸೋಲ್ ಅನ್ನುವ ಹುಡುಗಿ ಹೈಸ್ಕೂಲಿನಲ್ಲಿದ್ದಾಗ ಒಂದು ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಬದುಕೇ ಬೇಡ ಅಂತ ಮಲಗಿದ್ದಾಗ ಒಂದು ರೇಡಿಯೋ ಕಾರ್ಯಕ್ರಮದಿಂದ ಫೋನ್ ಬರುತ್ತದೆ. ಆ ಕಡೆ ಇರುವವನು ಆಗಷ್ಟೇ ಹಾಡಲು ಶುರು ಮಾಡಿದ ಹೊಸ ಹುಡುಗ ರ್ಯು ಸನ್‌ಜೇ. ಇವತ್ತು ಬಿಸಿಲು ಚೆನ್ನಾಗಿದೆ, ಅದಕ್ಕೋಸ್ಕರ ಬದುಕಿ, ನಾಳೆ ಮಳೆಯಂತೆ, ಅದು ನಿಲ್ಲಲಿ ಅಂತ ಕಾಯುತ್ತಾ ಮತ್ತೆ ಬದುಕಿ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಅಷ್ಟೇ. ಅವಳು ಅವನ ಅಭಿಮಾನಿಯಾಗುತ್ತಾಳೆ, ಅವನು ಎಕ್ಲಿಪ್ಸ್ ಬ್ಯಾಂಡಿನ ದೊಡ್ಡ ಸ್ಟಾರ್ ಆಗುತ್ತಾನೆ. ವರ್ಷಗಳಾದ ಮೇಲೆ ಒಂದು ರಾತ್ರಿ ಅವನ ಸಾವಿನ ಸುದ್ದಿ ಅವಳ ಫೋನಿಗೆ ಬರುತ್ತದೆ. ಹರಾಜಿನಲ್ಲಿ ಕೊಂಡ ಅವನ ಕೈಗಡಿಯಾರ ಅವಳನ್ನು 2008ಕ್ಕೆ ಒಯ್ಯುತ್ತದೆ.

ಆ ಸಾವಿನ ಸುದ್ದಿಯ ದೃಶ್ಯ ನೋಡುವಾಗ ನನಗೆ 2021ರ ಅಕ್ಟೋಬರ್ 29, ಶುಕ್ರವಾರ ನೆನಪಾಗದೇ ಇರಲಿಲ್ಲ. ಅಪ್ಪು ಹೋದ ದಿನ. ಫೋನ್ ಕೈಯಲ್ಲಿ ಹಿಡಿದು, ಸುಳ್ಳು ಸುದ್ದಿ ಇರಬೇಕು, ಇನ್ನೊಂದು ಚಾನೆಲ್ ನೋಡೋಣ ಅಂತ ಎಷ್ಟು ಹೊತ್ತು ಹಾಗೇ ಕೂತಿದ್ದೆವು. ನಮ್ಮನ್ನು ಒಮ್ಮೆಯೂ ನೋಡಿರದ ಮನುಷ್ಯ ಹೋದಾಗ ಮನೆಯವರು ಹೋದ ಹಾಗೆ ಆಗುವುದು ಏನು ಅಂತ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಕೊರಿಯಾದವರಿಗೂ ಬೇಕಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ಶೈನೀ ಗುಂಪಿನ ಜೊಂಗ್‌ಹ್ಯುನ್, 2019ರಲ್ಲಿ ಸಲ್ಲಿ, ಅದಾದ ಮುಂದಿನ ತಿಂಗಳೇ ಗೂ ಹಾರಾ, 2023ರ ಏಪ್ರಿಲ್‌ನಲ್ಲಿ ಆಸ್ಟ್ರೋ ಗುಂಪಿನ ಮೂನ್‌ಬಿನ್. ಎಲ್ಲರೂ ಸಣ್ಣ ವಯಸ್ಸಿನಲ್ಲೇ ಹೋದ ಪಾಪ್ ಗಾಯಕರು. ಡ್ರಾಮಾ ಯಾರ ಹೆಸರನ್ನೂ ಎತ್ತುವುದಿಲ್ಲ, ಆದರೆ ನೋಡುವವರ ಎದೆಯಲ್ಲಿ ಅವರೆಲ್ಲ ಇರುತ್ತಾರೆ. ಹಿಂದಕ್ಕೆ ಹೋಗಿ ಅವರನ್ನು ಹೇಗಾದರೂ ಉಳಿಸಿಕೊಳ್ಳಬಹುದಿತ್ತಾ ಅನ್ನುವುದು ಅಭಿಮಾನಿಗಳ ನಿಜವಾದ ಸಂಕಟ. ಕಥೆ ಹುಟ್ಟಿರುವುದೇ ಅಲ್ಲಿ.

ಈಗ ಟ್ಯಾಕ್ಸಿಯವನ ವಿಷಯ.

ಲವ್ಲಿ ರನ್ನರ್ ಅನ್ನುವ ಇಂಗ್ಲಿಷ್ ಹೆಸರನ್ನು ಮರೆತುಬಿಡಿ. ಕೊರಿಯನ್ ಹೆಸರು ‘ಸನ್‌ಜೇ ಒಪ್ಗೊ ಟ್ವಿಯೊ’. ‘ಒಪ್ಗೊ’ ಅಂದರೆ ಬೆನ್ನ ಮೇಲೆ ಹೊತ್ತುಕೊಂಡು. ಅಮ್ಮಂದಿರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೂ ಅಲ್ಲಿ ಇದೇ ಮಾತು. ನಮ್ಮ ಉಪ್ಪಿನಮೂಟೆ ಅಂದುಕೊಳ್ಳಿ. ‘ಟ್ವಿಯೊ’ ಅಂದರೆ ಬರೀ ಓಡು ಅಂತಲ್ಲ, ಏನೋ ಮಾಡಿ ಸಿಕ್ಕಿಹಾಕಿಕೊಳ್ಳುವ ಮೊದಲು ಪರಾರಿಯಾಗು ಅನ್ನುವ ಹಾಗೆ. ಅಂದರೆ ಸನ್‌ಜೇನ ಬೆನ್ನ ಮೇಲೆ ಹಾಕಿಕೊಂಡು ಪರಾರಿಯಾಗು! ತುಂಬಾ ಇಷ್ಟವಾದ ಸ್ಟಾರ್ ಬಗ್ಗೆ ಅಭಿಮಾನಿಗಳು ಮುದ್ದಿನಿಂದ ಹೇಳುವ ಮಾತಿನ ಧಾಟಿ ಇದು.

ಈಗ ಕನ್ನಡದಲ್ಲಿ ಯೋಚಿಸಿ. ಯಾರನ್ನಾದರೂ ಅಪಹರಿಸಿದರೆ ನಾವು ಏನು ಹೇಳುತ್ತೇವೆ? ‘ಹೊತ್ತುಕೊಂಡು ಹೋದರು’ ಅನ್ನುತ್ತೇವೆ. ಮಗುವನ್ನು ಬೆಂಕಿಯಿಂದ ಉಳಿಸಿದವನೂ ಹೊತ್ತುಕೊಂಡೇ ಹೋಗುತ್ತಾನೆ, ಕದ್ದವನೂ ಹೊತ್ತುಕೊಂಡೇ ಹೋಗುತ್ತಾನೆ. ಮಾತು ಒಂದೇ. ಎರಡನೇ ಸಲ ನೋಡುವಾಗ ನನಗೆ ಇದು ಹೊಳೆಯಿತು, ಆಮೇಲೆ ಇಡೀ ಡ್ರಾಮಾ ಬೇರೆ ಥರ ಕಾಣತೊಡಗಿತು. ಸೋಲ್‌ಗೆ ಆಗಿದ್ದು ಬರೀ ರಸ್ತೆ ಅಪಘಾತ ಅಲ್ಲ. ಆ ಟ್ಯಾಕ್ಸಿಯವನು ಅವಳನ್ನು ಹೊತ್ತುಕೊಂಡು ಹೋಗಲು ನೋಡಿದ್ದ. ಅವಳಿಗೆ ಅದರ ನೆನಪೇ ಇಲ್ಲ. ಅಂಥ ಹುಡುಗಿ ಈಗ ಇನ್ನೊಬ್ಬನನ್ನು ಹೊತ್ತುಕೊಂಡು ಓಡಲು ಹೊರಟಿದ್ದಾಳೆ, ಪ್ರೀತಿಯಿಂದ.

2008ರಲ್ಲಿ ಅವಳು ಏನೇನು ಮಾಡುತ್ತಾಳೆ ನೋಡಿ. ಅವನ ಮನೆ ಎದುರಿಗೇ ಇದೆ. (ಆ ಬೀದಿಗಳು ಸುವೊನ್ ಊರಿನ ಹೇಂಗುಂಗ್‌ದೊಂಗ್‌ನವು, ಹ್ವಾಸೊಂಗ್ ಕೋಟೆಯ ಒಳಗಿನ ಹಳೇ ಬಡಾವಣೆ. ಸೋಲ್‌ನ ಅಮ್ಮನ ವಿಡಿಯೋ ಬಾಡಿಗೆ ಅಂಗಡಿ ನೋಡಿ ನನಗೆ ನಮ್ಮೂರಿನ ಸಿಡಿ ಅಂಗಡಿಯ ವಾಸನೆಯೇ ಬಂದಂತಾಯಿತು.) ಅವನು ಈಜುಗಾರ ಅಂತ ಗೊತ್ತು, ಭುಜದ ನೋವು ಗೊತ್ತು, ಮುಂದೆ ಏನಾಗುತ್ತಾನೆ ಅಂತಲೂ ಗೊತ್ತು. ಅವನಿಗೆ ಅವಳು ಯಾರು ಅಂತ ಗೊತ್ತಿಲ್ಲ ಅಂದುಕೊಂಡೇ ಅವನ ಬದುಕಿನೊಳಗೆ ಕೈ ಹಾಕುತ್ತಾಳೆ. ಅವನು ಆಗಲೇ ಅವಳನ್ನು ಪ್ರೀತಿಸುತ್ತಿದ್ದಾನೆ ಅಂತ ಎರಡನೇ ಕಂತಿನ ಕೊನೆಯಲ್ಲಿ ತಿಳಿಯುತ್ತದಲ್ಲ, ಆ ಒಂದೇ ಕಾರಣಕ್ಕೆ ಇದೆಲ್ಲ ಚೆಂದ ಕಾಣುತ್ತದೆ. ಅವನಿಗೆ ಪ್ರೀತಿ ಇಲ್ಲದೇ ಹೋಗಿದ್ದರೆ? ಅದಕ್ಕೆ ಕೊರಿಯಾದಲ್ಲಿ ಬೇರೆಯೇ ಹೆಸರಿದೆ: ಸಾಸೆಂಗ್. ಖಾಸಗಿ ಬದುಕು ಅನ್ನುವ ಪದದಿಂದ ಬಂದದ್ದು. ಸ್ಟಾರ್‌ಗಳ ಮನೆ ಬಾಗಿಲವರೆಗೆ ಹೋಗುವವರು, ಅವರ ವಿಮಾನದ ಸೀಟು ತಿಳಿದುಕೊಂಡು ಪಕ್ಕದಲ್ಲೇ ಬಂದು ಕೂರುವವರು. ಹೀಗೆ ಬೆನ್ನು ಬೀಳುವುದನ್ನು ತಡೆಯುವುದಕ್ಕೇ ಅಂತ ಅಲ್ಲಿ ಕಾನೂನು ಜಾರಿಗೆ ಬಂದದ್ದು 2021ರ ಅಕ್ಟೋಬರ್‌ನಲ್ಲಿ, ತಪ್ಪು ಸಾಬೀತಾದರೆ 3 ವರ್ಷದವರೆಗೆ ಜೈಲು. ಅದಕ್ಕೂ ಮೊದಲು ಇದನ್ನು ಸಣ್ಣಪುಟ್ಟ ತಪ್ಪು ಅಂತ ನೋಡಿ ಚಿಲ್ಲರೆ ದಂಡ ಹಾಕಿ ಕಳಿಸುತ್ತಿದ್ದರು.

ಇದು ತೆರೆಯ ಮೇಲಷ್ಟೇ ಉಳಿಯಲಿಲ್ಲ. ಸನ್‌ಜೇ ಆಗಿ ನಟಿಸಿದ ಬ್ಯೊನ್ ವೂ-ಸೊಕ್ ಆ ಬೇಸಿಗೆಯಲ್ಲಿ ನಿಜವಾಗಲೂ ಸನ್‌ಜೇಯೇ ಆಗಿಬಿಟ್ಟ. ಇಲ್ಲದ ಬ್ಯಾಂಡಿನ ಹಾಡು ನಿಜವಾದ ಚಾರ್ಟ್‌ಗಳಲ್ಲಿ ಏರಿತು. 2024ರ ಜುಲೈನಲ್ಲಿ ಅವನು ಹಾಂಗ್‌ಕಾಂಗ್‌ಗೆ ಹೊರಟಾಗ ಇಂಚೊನ್ ವಿಮಾನ ನಿಲ್ದಾಣದಲ್ಲಿ ಖಾಸಗಿ ಗಾರ್ಡ್‌ಗಳು ಸುಮ್ನೆ ಕೂತಿದ್ದ ಪ್ರಯಾಣಿಕರ ಮುಖಕ್ಕೆ ಟಾರ್ಚ್ ಹೊಡೆದರು. ದೊಡ್ಡ ಗಲಾಟೆಯಾಗಿ ಏಜೆನ್ಸಿ ಕ್ಷಮೆ ಕೇಳಿತು. ಆ ವಿಡಿಯೋ ನೋಡಿ ನನಗೆ ತುಂಬಾ ಬೇಜಾರಾಯಿತು. ಒಬ್ಬ ಮನುಷ್ಯನನ್ನು ಕಾಯುವ ಹೆಸರಿನಲ್ಲಿ ಉಳಿದವರೆಲ್ಲರನ್ನೂ ಕಳ್ಳರ ಹಾಗೆ ನೋಡುವುದು, ಇದು ಕೂಡ ಹೊತ್ತುಕೊಂಡು ಓಡುವುದೇ ತಾನೆ.

ಹಾಗಾಗಿ ಟ್ಯಾಕ್ಸಿಯವನು ಕಥೆಗೆ ಅಂಟಿಸಿದ ತುಂಡು ಅಂತ ನಾನು ಒಪ್ಪುವುದಿಲ್ಲ. ಅವನು ಇರುವುದರಿಂದಲೇ ನಾವು ಸೋಲ್‌ನನ್ನು ಕೇಳಬಹುದು: ನೀನು ಉಳಿಸುತ್ತಿದ್ದೀಯಲ್ಲ, ಅವನನ್ನು ಕೇಳಿದೆಯಾ? ಅವಳು ಕೇಳುವುದಿಲ್ಲ. ಸನ್‌ಜೇಯೂ ಕೇಳುವುದಿಲ್ಲ, ಅವಳಿಗೋಸ್ಕರ ಕೊಲೆಗಾರನ ಎದುರು ತಾನೇ ಹೋಗಿ ನಿಲ್ಲುತ್ತಾನೆ. ಕೊನೆಯ ಸಲ ಹಿಂದಕ್ಕೆ ಹೋದಾಗ ಸೋಲ್ ಮಾಡುವ ಕೆಲಸ ನನ್ನ ಪ್ರಕಾರ ಇಡೀ ಡ್ರಾಮಾದ ಅತಿ ಕಠಿಣ ಘಳಿಗೆ. ಅವರು ಮೊದಲು ಭೇಟಿಯಾದ ಮಳೆಯ ದಿನ ಅವಳು ಛತ್ರಿ ಹಿಡಿದು ಅವನ ಹತ್ತಿರ ಓಡುವುದೇ ಇಲ್ಲ. ಅವನ ಬದುಕಿನಿಂದ ತನ್ನನ್ನು ತಾನೇ ಅಳಿಸಿಕೊಳ್ಳುತ್ತಾಳೆ. ಸೋಲ್ ಆಗಿ ನಟಿಸಿದ ಕಿಮ್ ಹೇ-ಯೂನ್ ಆ ಅಳುವನ್ನು ಹೇಗೆ ತಡೆದು ತಡೆದು ಅಳುತ್ತಾಳೆ ಅಂದರೆ ನಾನು ಅಲ್ಲೇ ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ಅವನ ಪ್ರಾಣ ಉಳಿಯಿತು, ಸರಿ. ಆದರೆ ಅವನ ಪ್ರೀತಿಯನ್ನು ಅವನನ್ನೇ ಕೇಳದೆ ತೆಗೆದುಬಿಟ್ಟಳು. ಕೊನೆಗೆ ಅವನ ನೆನಪುಗಳು ತಾವಾಗೇ ವಾಪಸ್ ಬರುವುದು ಕೆಲವರಿಗೆ ಸುಲಭದ ದಾರಿ ಅನಿಸಿದೆ. ನನಗೆ ಅದು ನ್ಯಾಯ ಅನಿಸಿತು. ಅವನದ್ದು ಅವನಿಗೆ ಸಿಕ್ಕಿತು.

ಒಂದು ದೂರು ನನಗೂ ಇದೆ. ಟ್ಯಾಕ್ಸಿಯವನನ್ನು ಸರಿಯಾಗಿ ಬರೆದಿಲ್ಲ. ಅವನು ಎಲ್ಲಿಂದ ಬಂದ, ಏನು ಬೇಕು ಅವನಿಗೆ, ಯಾವುದಕ್ಕೂ ಉತ್ತರ ಇಲ್ಲ, ಬೇಕಾದಾಗ ಬರುತ್ತಾನೆ, ಹೋಗುತ್ತಾನೆ. ಅವನ ಕೊನೆಯೂ ಅವಸರದಲ್ಲಿ ಮುಗಿಯುತ್ತದೆ. ನೀವು ಅಲ್ಲಿ ಬೇಸರ ಮಾಡಿಕೊಂಡಿದ್ದರೆ ನಿಮ್ಮ ಜೊತೆ ನಾನಿದ್ದೇನೆ.

ಆದರೆ ಪ್ರಶ್ನೆ ಕೇಳಿದವರೆಲ್ಲರಿಗೂ ನಾನು ಒಂದು ಕೆಲಸ ಹೇಳುತ್ತೇನೆ. ಪೂರ್ತಿ ಮುಗಿಸಿದ ಮೇಲೆ ಮೊದಲ ಕಂತಿಗೆ ವಾಪಸ್ ಹೋಗಿ, ಸೇತುವೆಯ ದೃಶ್ಯ ಮತ್ತೊಮ್ಮೆ ಹಾಕಿ. ಕನ್ಸರ್ಟ್ ಟಿಕೆಟ್ ಕಳೆದುಹೋಗಿ ಸೋಲ್ ಹೊರಗೇ ನಿಂತು ಹಾಡು ಕೇಳಿ ಮನೆಗೆ ಹೊರಟಿದ್ದಾಳೆ. ಹಿಮ ಬೀಳುತ್ತಿದೆ. ಸೇತುವೆಯ ಮೇಲೆ ವೀಲ್‌ಚೇರ್ ನಿಂತುಹೋಗುತ್ತದೆ. ಸನ್‌ಜೇ ಬಂದು ಛತ್ರಿ ಹಿಡಿಯುತ್ತಾನೆ. ಮೊದಲ ಸಲ ನೋಡಿದಾಗ ಒಬ್ಬ ಒಳ್ಳೆಯ ಸ್ಟಾರ್, ಒಬ್ಬ ಅದೃಷ್ಟವಂತ ಅಭಿಮಾನಿ ಅಷ್ಟೇ ಕಾಣುತ್ತದೆ. ಈಗ ನೋಡಿ. ಹಿಂದೆ ಅಪಘಾತದ ರಾತ್ರಿ ನೀರಿಗೆ ಬಿದ್ದಿದ್ದ ಅವಳನ್ನು ಎತ್ತಿ ತಂದವನು ಅವನೇ ಅಂತ ಈಗ ನಿಮಗೆ ಗೊತ್ತು. ಅವಳು ಯಾರು ಅಂತ ಅವನಿಗೆ ಗೊತ್ತು. ಅದರ ಬಗ್ಗೆ ಒಂದು ಮಾತೂ ಬಾಯಿ ಬಿಡುವುದಿಲ್ಲ. ಅವಳ ತಲೆಯ ಮೇಲೆ ಹಿಮ ಬೀಳದ ಹಾಗೆ ಛತ್ರಿ ಹಿಡಿಯುತ್ತಾನೆ, ಅವಳ ಮುಖ ನೋಡುತ್ತಾನೆ, ಆಮೇಲೆ ಅವಳನ್ನು ಮನೆಗೆ ಹೋಗಲು ಬಿಡುತ್ತಾನೆ.