ಪಿಂಗ್ 60 ಇದ್ದರೂ ಕಾರು ಯಾಕೆ ನಿಂತು ನಿಂತು ಹಾರುತ್ತೆ?

ಬ್ರೌಸರ್‌ನಲ್ಲಿ ಆಡುವ ಮಲ್ಟಿಪ್ಲೇಯರ್ ರೇಸಿಂಗ್ ಗೇಮ್ ಒಂದರ ಸರ್ವರ್ ಕೋಡ್ ನೋಡಿಕೊಳ್ಳುವುದು ನನ್ನ ಕೆಲಸ. ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಥರ: "ಪಿಂಗ್ 60 ಅಂತಿದೆ, ಆದ್ರೂ ಎದುರಿನವನ ಕಾರು ನಿಂತು ನಿಂತು ಹಾರುತ್ತೆ." (ಪಿಂಗ್ ಅಂದರೆ ಸಂದೇಶವೊಂದು ಸರ್ವರ್‌ಗೆ ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್.) ಮೀಟಿಂಗ್‌ನಲ್ಲಿ ಮೊದಲು ಬರುವ ಸಲಹೆ, ಸರ್ವರ್ ಹತ್ತಿರ ತನ್ನಿ ಅನ್ನೋದು. ದೂರದ ಪಾಲೂ ಇದೆ, ಇಲ್ಲ ಅನ್ನಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಓಡುವುದು ಸುಮಾರು 2 ಲಕ್ಷ ಕಿ.ಮೀ.; ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿಬರಲು 30 ಮಿಲಿಸೆಕೆಂಡ್ ಬೇಕೇ ಬೇಕು. ಆದರೆ ದೂರದಿಂದ ಆಗುವ ತಡ ಹೆಚ್ಚುಕಡಿಮೆ ಒಂದೇ ಸಮ ಇರುತ್ತೆ. ಹಾರುವ ಕಾಯಿಲೆ ಬೇರೆ.

ನೆಟ್‌ವರ್ಕ್‌ನಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿದರೆ ಅದು ಕಣ್ಣಿಗೆ ಹೊಡೆಯುತ್ತೆ. ಆಗ ನಮ್ಮದೆಲ್ಲ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ), ಅಂದರೆ ಅಡಿಯಲ್ಲಿ ಟಿಸಿಪಿ, ಎಲ್ಲವನ್ನೂ ಕಳಿಸಿದ ಕ್ರಮದಲ್ಲೇ ತಲುಪಿಸುವ ವಿಧಾನ. 50 ಮಿಲಿಸೆಕೆಂಡಿಗೊಮ್ಮೆ ಸರ್ವರ್ ಕಾರಿನ ಸ್ಥಾನ ಕಳಿಸುತ್ತೆ. ದಾರಿಯಲ್ಲಿ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋಯಿತು ಅನ್ನಿ. ಅದರ ನಂತರ ಹೊರಟವು ಫೋನಿಗೆ ಬಂದು ಕೂತಿರುತ್ತವೆ, ಆದರೆ ಟಿಸಿಪಿ ಅವನ್ನು ಗೇಮ್ ಕೈಗೆ ಕೊಡಲ್ಲ, ಕ್ರಮ ತಪ್ಪಬಾರದಲ್ಲ! ಹಳೆಯ ನಿಯಮದಂತೆ, ನಂತರ ಬಂದ ಪ್ರತಿ ಪ್ಯಾಕೆಟ್‌ಗೂ ಫೋನ್ ಕಳಿಸುವ 'ನಡುವಿನದು ಬಂದಿಲ್ಲ' ಅನ್ನುವ ಸೂಚನೆ (ಡೂಪ್ಲಿಕೇಟ್ ಆಕ್) ಮೂರು ಸಲ ಬಂದಮೇಲೆ ಮರುರವಾನೆ. 50ರ ಲೆಕ್ಕದಲ್ಲಿ ಮೂರಕ್ಕೇ 150 ಮಿಲಿಸೆಕೆಂಡ್ ಹೋಯಿತು, ಮೇಲೊಂದು ಸುತ್ತು ಪ್ರಯಾಣ 60. ಒಟ್ಟು 210 ಮಿಲಿಸೆಕೆಂಡ್ ಕಾರು ಸ್ತಬ್ಧ, ಆಮೇಲೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬಿದ್ದು ಜಿಗಿತ. ಈಗಿನ ಲಿನಕ್ಸ್ ಇನ್ನೂ ಬೇಗ ಪತ್ತೆಹಚ್ಚುತ್ತೆ, ಆದರೂ ಒಂದು ಸುತ್ತು ಕಾಯುವುದು ತಪ್ಪುವುದಿಲ್ಲ. ತಮಾಷೆ ಅಂದ್ರೆ, ಅಷ್ಟು ಕಾದು ತರಿಸಿಕೊಂಡ ಆ ಸ್ಥಾನ ಅಷ್ಟರಲ್ಲಿ ಯಾರಿಗೂ ಬೇಡ. ಕಾರು ತಿರುವು ದಾಟಿ ಆಗಿರುತ್ತೆ.

"ಟಿಸಿಪಿ ನೋಡಿಲೇ (TCP_NODELAY) ಹಾಕಿದ್ರೆ ಸರಿಹೋಗುತ್ತೆ" ಅನ್ನುವವರು ಪ್ರತಿ ಟೀಮಿನಲ್ಲೂ ಇರುತ್ತಾರೆ. 1984ರ ನೇಗಲ್ ಅಲ್ಗಾರಿದಮ್ ಚಿಕ್ಕ ಸಂದೇಶಗಳನ್ನು ಕೂಡಿಹಾಕಿ ಕಳಿಸುತ್ತೆ. ನೋಡಿಲೇ ಹಾಕಿದರೆ ಅದು ಆಫ್ ಆಗುತ್ತೆ, ಆಫ್ ಮಾಡಬೇಕು ನಿಜ. ಕಳೆದುಹೋದ ಪ್ಯಾಕೆಟ್‌ಗೆ ಅದು ಮದ್ದಲ್ಲ.

ಆಫೀಸ್ ಲ್ಯಾನ್‌ನಲ್ಲಿ ಟೆಸ್ಟ್ ಮಾಡಿದರೆ ಇದು ಜನ್ಮದಲ್ಲಿ ಕಾಣಲ್ಲ. ಕೆಟ್ಟ ನೆಟ್‌ವರ್ಕನ್ನು ಅನುಕರಿಸುವ ಲಿನಕ್ಸ್‌ನ ನೆಟೆಮ್‌ನಿಂದ ಶೇ. 2 ಪ್ಯಾಕೆಟ್ ಬೀಳಿಸಿ ಆಡಿದರೆ ಸರಾಸರಿ ಪಿಂಗ್ ಅಲ್ಲಾಡಲ್ಲ, ಕಾರು ಮಾತ್ರ ಕುಣಿಯುತ್ತೆ.

ಆಮೇಲೆ ಒಂದೊಂದು ಸಂದೇಶವನ್ನೂ ಹಿಡಿದು "ತಡವಾಗಿ ಬಂದರೆ ಬೇಕಾ?" ಅಂತ ಕೇಳಿದೆವು. ಸ್ಥಾನ, ವೇಗ ಬೇಡ. ಅವನ್ನು ಬ್ರೌಸರ್‌ನಲ್ಲೇ ಇರುವ ಇನ್ನೊಂದು ದಾರಿ, ವೆಬ್‌ಆರ್‌ಟಿಸಿ ಡೇಟಾ ಚಾನೆಲ್‌ಗೆ ಹಾಕಿ, ಕ್ರಮ ಬೇಡ, ಮರುರವಾನೆ ಸೊನ್ನೆ ಅಂತ ಇಟ್ಟೆವು. ಅದು ಓಡುವುದು ಯುಡಿಪಿ ಮೇಲೆ; ಟಿಸಿಪಿಯಂತೆ ಯುಡಿಪಿ ಕ್ರಮಕ್ಕಾಗಿ ಕಾಯಿಸಲ್ಲ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಹಳೆಯದು ಬಂದರೆ ಕಸದಬುಟ್ಟಿಗೆ. ಒಂದು ಬರದಿದ್ದರೆ ಕ್ಲೈಂಟ್ ಹಿಂದಿನ ವೇಗದಿಂದ ಅಂದಾಜು ಮಾಡಿಕೊಳ್ಳುತ್ತೆ. ನಾಣ್ಯ, ಲ್ಯಾಪ್ ಮುಗಿದ ಸುದ್ದಿ, ಚಾಟ್ ಕಳೆದರೆ ಗಲಾಟೆ. ಅವು ವೆಬ್‌ಸಾಕೆಟ್‌ನಲ್ಲೇ ಉಳಿದವು.

ಯುಡಿಪಿಯನ್ನೇ ತಡೆಯುವ ಹಾಸ್ಟೆಲ್, ಆಫೀಸ್ ವೈಫೈಗಳು ಬೇಕಾದಷ್ಟಿವೆ. ಅಲ್ಲಿ ಎಲ್ಲವೂ ವಾಪಸ್ ವೆಬ್‌ಸಾಕೆಟ್‌ಗೆ, ಜಿಗಿತವೂ ವಾಪಸ್. ಯಾವ ಆಟಗಾರ ಯಾವ ದಾರಿಯಲ್ಲಿದ್ದಾನೆ ಅನ್ನೋದು ಈಗ ಲಾಗ್‌ನಲ್ಲಿ ಬರುತ್ತೆ. ದೂರು ಬಂದಾಗ ಸಪೋರ್ಟ್‌ನವರು ಪಿಂಗ್ ಕೇಳುವ ಮೊದಲು ಅದನ್ನೇ ನೋಡುತ್ತಾರೆ.