ಉಪ್ಪಿನ ಗೋದಾಮಿನ ರಕ್ತಪಿಶಾಚಿ

ನಾನೀಗ ವಾಸವಾಗಿರುವ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ, ತ್ರಾವೆ ನದಿಯ ದಂಡೆಗೆ ಒತ್ತಿಕೊಂಡು ಇಟ್ಟಿಗೆಯ ಆರು ಹಳೆಯ ಕಟ್ಟಡಗಳು ನಿಂತಿವೆ. ಲ್ಯೂನೆಬುರ್ಗ್‌ನಿಂದ ಬಂದ ಉಪ್ಪನ್ನು ಹಡಗಿಗೆ ಏರಿಸುವವರೆಗೆ ಕೂಡಿಡುತ್ತಿದ್ದ ಗೋದಾಮುಗಳು ಅವು. ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ 1922ರ ಮೂಕಿ ಚಿತ್ರ ‘ನೊಸ್ಫೆರಾಟು’ವಿನಲ್ಲಿ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಕೊಂಡುಕೊಳ್ಳುವ ಪಾಳುಮನೆ ಇದೇ. ಕೊಡಗಿನ ಮಳೆಗಾಲದಲ್ಲಿ ಕಾಫಿ ತೋಟದಿಂದ ಬಂದು, ಕಾಲಿಗೆ ಕಚ್ಚಿದ ಜಿಗಣೆಗಳನ್ನು ಉಪ್ಪು ಹಾಕಿ ಉದುರಿಸುತ್ತಲೇ ಬೆಳೆದ ನನಗೆ, ರಕ್ತ ಹೀರುವವನೊಬ್ಬ ಉಪ್ಪಿನ ಗೋದಾಮನ್ನೇ ಆರಿಸಿಕೊಂಡದ್ದನ್ನು ಕಂಡು ಮೊದಲ ಸಲ ನಗು ಬಂದಿತ್ತು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಮ್ಯಾಕ್ಸ್ ಶ್ರೆಕ್ ಅಭಿನಯಿಸಿದ ಓರ್ಲಾಕ್‌ನದು ಬೋಳು ತಲೆ, ಇಲಿಯ ಹಲ್ಲು, ಉದ್ದನೆಯ ಉಗುರು. ಹಡಗಿನ ಒಡಲಲ್ಲಿ ಶವಪೆಟ್ಟಿಗೆಯಿಂದ ಅವನು ಹಲಗೆಯಂತೆ ಸೆಟೆದು ಮೇಲೇಳುತ್ತಾನೆ, ಅವನ ಜೊತೆಗೆ ಇಲಿಗಳೂ ಪ್ಲೇಗೂ ಊರಿಗೆ ಇಳಿಯುತ್ತವೆ. ಜಿಗಣೆಗೆ ನಮ್ಮ ಮೇಲೆ ಹೇಗೆ ದ್ವೇಷವಿಲ್ಲವೋ ಹಾಗೆಯೇ ಇವನಿಗೂ ಇಲ್ಲ, ಇರುವುದು ಹಸಿವು ಮಾತ್ರ. ನನ್ನ ಮಟ್ಟಿಗೆ ಇವನನ್ನು ಮೀರಿಸಿದ ರಕ್ತಪಿಶಾಚಿ ತೆರೆಗೆ ಬಂದಿಲ್ಲ. ಈ ಚಿತ್ರಕ್ಕೆ ಆಧಾರವಾದ 1897ರ ಕಾದಂಬರಿಯ ಪಿಶಾಚಿ ಡ್ರಾಕುಲಾ ಹಗಲಿನಲ್ಲಿಯೂ ಓಡಾಡುತ್ತಾನೆ. ಸೂರ್ಯನ ಬೆಳಕಿಗೆ ಕರಗಿ ಸಾಯುವ ಅಂತ್ಯ ಈ ಚಿತ್ರದ ಕೊಡುಗೆ. ಅನುಮತಿಯಿಲ್ಲದೆ ಕಥೆಯನ್ನು ಬಳಸಿಕೊಂಡರೆಂದು ಕಾದಂಬರಿಕಾರ ಬ್ರ್ಯಾಮ್ ಸ್ಟೋಕರ್‌ನ ಪತ್ನಿ ದಾವೆ ಹೂಡಿದರು, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯವೂ ಆದೇಶಿಸಿತು. ಹೇಗೋ ಕೆಲವು ಪ್ರತಿಗಳು ಉಳಿದುಕೊಂಡದ್ದು ನಮ್ಮ ಪುಣ್ಯ.

1931ರ ‘ಡ್ರಾಕುಲಾ’ ಚಿತ್ರದಲ್ಲಿ ನಟ ಬೆಲಾ ಲುಗೋಸಿ ಬಂದ ಮೇಲೆ ಪಿಶಾಚಿ ದೊಡ್ಡ ಮನುಷ್ಯನಾದ. ಇಸ್ತ್ರಿ ಮಾಡಿದ ಸಂಜೆಯುಡುಪು, ನಿಲುವಂಗಿ, ತೂಗಿ ತೂಗಿ ಆಡುವ ಮಾತು: ನಮ್ಮ ಪ್ಲಾಂಟರುಗಳ ಕ್ಲಬ್ಬಿಗೆ ಅವನು ಬಂದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಹಿನ್ನೆಲೆ ಸಂಗೀತವೇ ಇಲ್ಲವೆನ್ನಬಹುದಾದ ಆ ಚಿತ್ರದ ಮೌನ ನನಗೆ ಇಷ್ಟ; ದಿವಾನಖಾನೆಯ ಮಾತುಕತೆಯಲ್ಲಿಯೇ ಕಳೆದುಹೋಗುವ ಉತ್ತರಾರ್ಧ ಮಾತ್ರ ಆಕಳಿಕೆ ತರಿಸುತ್ತದೆ. 1958ರ ಹ್ಯಾಮರ್ ಸಂಸ್ಥೆಯ ಡ್ರಾಕುಲಾ ಚಿತ್ರದಲ್ಲಿ ರಕ್ತವು ಕದಡಿದ ಕುಂಕುಮದಷ್ಟು ಕೆಂಪಗಿದೆ, ಆದರೂ ಪಿಶಾಚಿಯಾದ ಕ್ರಿಸ್ಟೋಫರ್ ಲೀ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಬೆನ್ನು ತಣ್ಣಗಾಗುತ್ತದೆ. 1966ರ ಮುಂದಿನ ಭಾಗದಲ್ಲಿ ಅವರು ಒಂದು ಮಾತನ್ನೂ ಆಡುವುದಿಲ್ಲ.

ವೆರ್ನರ್ ಹೆರ್ಜೋಗ್ 1979ರಲ್ಲಿ ಓರ್ಲಾಕ್‌ನ ರೂಪವನ್ನು ಮತ್ತೆ ತಂದಾಗ, ಕ್ಲಾಸ್ ಕಿನ್ಸ್ಕಿಯ ಪಿಶಾಚಿ ಸಾಯಲಾರದ ಆಯಾಸದಿಂದ ನರಳುತ್ತಿದ್ದ. ಕರುಣೆ ಹುಟ್ಟಿತು, ಭಯ ಅರ್ಧಕ್ಕೆ ಇಳಿಯಿತು. 1992ರ ಕೊಪ್ಪೊಲಾ ಚಿತ್ರದ ಹೊತ್ತಿಗೆ ಅವನು ವಿರಹಿಯೇ ಆಗಿಬಿಟ್ಟಿದ್ದ; ಉಡುಪುಗಳು ಸೊಗಸಾಗಿವೆ ಎನ್ನುವುದರಾಚೆಗೆ ನನಗೆ ಹೇಳುವುದಕ್ಕೇನೂ ಇಲ್ಲ.

ನನ್ನನ್ನು ಮತ್ತೆ ಹೆದರಿಸಿದ್ದು ತೋಮಸ್ ಆಲ್ಫ್ರೆಡ್ಸನ್ ನಿರ್ದೇಶಿಸಿದ 2008ರ ಸ್ವೀಡಿಷ್ ಚಿತ್ರ ‘ಲೆಟ್ ದ ರೈಟ್ ಒನ್ ಇನ್’. ಅದರಲ್ಲಿ ಬಾಲಕಿಯಂತೆ ಕಾಣುವ ಪಿಶಾಚಿ, ಯಾರೂ ‘ಒಳಗೆ ಬಾ’ ಎಂದು ಕರೆಯದೆಯೇ ಹೊಸ್ತಿಲು ದಾಟಿದ್ದಕ್ಕೆ ಮೈಯೆಲ್ಲ ರಕ್ತ ಒಸರುತ್ತ ನಿಲ್ಲುತ್ತದೆ. ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಹಿರಿಯರಿಗೆ ಮೀದಿ ಎಂಬ ಎಡೆ ಇಟ್ಟು, ಅನ್ನದ ಜೊತೆಗೆ ಮದ್ಯವನ್ನೂ ಇರಿಸಿ ಗುರು ಕಾರೋಣರನ್ನು, ಎಂದರೆ ಗತಿಸಿದ ಪೂರ್ವಿಕರನ್ನು, ಕರೆಯುವುದನ್ನು ಕಂಡು ಬೆಳೆದ ನನಗೆ, ಸತ್ತವರು ಮನೆಗೆ ಬರುವುದು ಹೆದರಿಕೆಯ ವಿಷಯವೇ ಆಗಿರಲಿಲ್ಲ. ಕರೆಯಲು ಯಾರೂ ಇಲ್ಲದೆ ಹೊಸ್ತಿಲಾಚೆ ಹಸಿದು ನಿಂತವರ ಬಗ್ಗೆ ನಾನು ಯೋಚಿಸಿದ್ದು ಆ ರಾತ್ರಿಯೇ ಮೊದಲು.